ಲಾರಿ ಹತ್ತುವ ಪ್ಯಾಂಟು

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯೊಂದರಲ್ಲಿ, ಗುಂಡಿ ಮತ್ತು ಜಿಪ್ಪು ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಹೆಂಗಸರಿಗೆ ಪ್ಯಾಂಟು ಹೊಲಿದುಕೊಡುತ್ತಿದ್ದವರೊಬ್ಬರಿದ್ದರು. ಬ್ಲೌಸ್ ಹೊಲಿಯುತ್ತಿರಲಿಲ್ಲ, ಚೂಡಿದಾರ ಹೊಲಿಯುತ್ತಿರಲಿಲ್ಲ, ಮದುವೆ ಬಟ್ಟೆಯ ಮಾತನ್ನಂತೂ ಎತ್ತಲೇಬಾರದು. ಪ್ಯಾಂಟು ಮಾತ್ರ, ಅದೂ ಕೆಲಸಕ್ಕೆ ಹೋಗುವ ಹೆಂಗಸರಿಗೆ ಮಾತ್ರ. ಬಂದವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು, ಅಂದರೆ ಅಕ್ಕ. ನಾನೂ ಒಂಬತ್ತು ವರ್ಷ ಆಪಾ ಅಂತಲೇ ಕರೆದೆ. ಹೆಸರು ಕೇಳಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ ನೋಡಿ. ಹೋದ ತಿಂಗಳು ಅವರು ತೀರಿಕೊಂಡರು.

ಅವರ ಬಗ್ಗೆ ಹೇಳಬೇಕಾದರೆ ನಾನು ಅವರಿಗೆ ಹೇಳಿದ ಒಂದು ಸುಳ್ಳಿನಿಂದ ಶುರು ಮಾಡಬೇಕು. ಸುಳ್ಳಿಗೆ ಮೊದಲು, ಆ ಗಲ್ಲಿಗೆ ನಾನು ಹೋದದ್ದು ಯಾಕೆ ಅನ್ನುವುದನ್ನು ಹೇಳಬೇಕು.

ನನ್ನದು ವಿಮೆ ಕಂಪನಿಯ ಕೆಲಸ. ಹಲಸೂರಿನ ಶಾಖೆಯಲ್ಲಿ ಹದಿನೆಂಟು ವರ್ಷ ಸೀರೆ ಉಟ್ಟುಕೊಂಡು ಕೌಂಟರಿನ ಹಿಂದೆ ಆರಾಮವಾಗಿ ಕೂತಿದ್ದವಳು ನಾನು. ಒಂದು ದಿನ ಮ್ಯಾನೇಜರು ಕರೆದು ಎರಡು ದಾರಿ ಮುಂದಿಟ್ಟರು. ಅಪಘಾತವಾದ ಲಾರಿಗಳನ್ನೂ ಅವುಗಳೊಳಗೆ ಹಾಳಾದ ಸರಕನ್ನೂ ಖುದ್ದಾಗಿ ನೋಡಿ ವರದಿ ಬರೆಯುವ ಜಾಗ ಖಾಲಿಯಾಗಿದೆ, ಅದಕ್ಕೆ ಹೋಗಿ. ಇಲ್ಲವಾದರೆ ಕಲಬುರಗಿಗೆ ವರ್ಗ. ಲಾರಿ ಕೆಲಸವೂ ಮೂರು ತಿಂಗಳ ಮಟ್ಟಿಗೆ ಪರೀಕ್ಷೆ, ಆಗಲಿಲ್ಲವೆಂದರೆ ಮತ್ತೆ ಕಲಬುರಗಿಯೇ. ಕಲಬುರಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ವರ್ಷ ಮಗಳು ಹತ್ತನೇ ಕ್ಲಾಸು. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಅವರು ಮನೆಗೆ ಬರುವ ಹೊತ್ತಿಗೆ ಮಗಳು ಸ್ಕೂಲಿಗೆ ಹೊರಟಿರುತ್ತಿದ್ದಳು. ಗಣಿತದ ಪುಸ್ತಕ ಕಂಡರೆ ಜ್ವರ ಬರುವ ಹುಡುಗಿಯನ್ನು ಕೆ.ಆರ್. ಪುರದ ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ನನ್ನಿಂದಾಗದ ಮಾತು. ಕಣ್ಣು ಮುಚ್ಚಿಕೊಂಡು ಲಾರಿಗೆ ಹ್ಞೂಂ ಅಂದೆ.

ಮೊದಲ ಲಾರಿ ನಮ್ಮ ಕೆ.ಆರ್. ಪುರದ ಕಡೆಯೇ, ಒಂದು ಗ್ಯಾರೇಜಿನ ಅಂಗಳದಲ್ಲಿ ನಿಂತಿತ್ತು. ಚಕ್ರದ ಮೇಲೆ ಒಂದು ಕಾಲಿಟ್ಟೆ, ಅಷ್ಟೇ. ಸೀರೆಯ ನೆರಿಗೆ ಎಲ್ಲೋ ಕೊಕ್ಕೆಗೆ ಸಿಕ್ಕಿಕೊಂಡಿತು. ಡ್ರೈವರ್ ಮರ್ಯಾದಸ್ಥ, ಮುಖ ಆ ಕಡೆ ತಿರುಗಿಸಿಕೊಂಡು ನಿಂತ. ಹೇಗೋ ಬಿಡಿಸಿಕೊಂಡು ಇಳಿದು, ಅವನ ಕೈಯಲ್ಲೇ ಮೇಲಿನ ಫೋಟೋ ತೆಗೆಸಿ, ಅದನ್ನು ನೋಡಿ ವರದಿ ಬರೆದೆ. ಮ್ಯಾನೇಜರು ಕೇಳಿದ್ದು ಒಂದೇ ಪ್ರಶ್ನೆ, ಮೇಲೆ ಹತ್ತಿ ನೋಡಿದ್ರಾ ಅಂತ. ಚೂಡಿದಾರ ಹಾಕಿಕೊಳ್ಳಬಹುದಿತ್ತಲ್ಲ ಅಂತೀರಿ. ಅದೂ ಆಯಿತು. ಮುಂದಿನ ವಾರ ಕುರ್ತಾದ ಅಂಚು ಚಕ್ರದ ಬೋಲ್ಟಿಗೆ ಸಿಕ್ಕಿ ಪರ್ರಂತ ಹರಿಯಿತು.

ಸರಿ, ಪ್ಯಾಂಟು ತರೋಣ ಅಂತ ಇಂದಿರಾನಗರದ ದೊಡ್ಡ ಅಂಗಡಿಗಳಿಗೆ ಹೊರಟೆ. ಒಂದು ಶನಿವಾರ ಪೂರ್ತಿ ಹಾಳು. ತೊಡೆಗೆ ಸರಿಹೋದದ್ದು ಸೊಂಟದಲ್ಲಿ ಎಷ್ಟು ಸಡಿಲ ಅಂದರೆ ಹಿಂದುಗಡೆ ಒಂದು ಪಾವು ಅಕ್ಕಿ ಸುರಿಯಬಹುದಿತ್ತು. ಸೊಂಟಕ್ಕೆ ಸರಿಹೋದದ್ದು ಮೊಣಕಾಲಿನಿಂದ ಮೇಲಕ್ಕೆ ಬರಲೇ ಇಲ್ಲ. ಒಂದು ಅಂಗಡಿಯ ನಂಬರಿನಲ್ಲಿ ನಾನು ಮಧ್ಯಮ ಗಾತ್ರ, ಪಕ್ಕದ ಅಂಗಡಿಯ ನಂಬರಿನಲ್ಲಿ ರಾಕ್ಷಸಿ. ಅಲ್ಲಿನ ಹುಡುಗಿ ಬಾಗಿಲಾಚೆ ನಿಂತು ಸ್ಟ್ರೆಚ್ ಆಗತ್ತೆ ಮೇಡಂ, ಸ್ಟ್ರೆಚ್ ಆಗತ್ತೆ ಅಂತ ಜಪ ಮಾಡುತ್ತಿದ್ದಳು. ಕೊನೆಗೆ ಒಂದು ಹೇಗೋ ಹಿಡಿಸಿತು ಅಂತ ಜೇಬಿಗೆ ಕೈ ಹಾಕಿದರೆ ಒಳಗೆ ಜೇಬೇ ಇಲ್ಲ, ಬಾಯಿ ಮಾತ್ರ ಇತ್ತು. ನನಗೆ ಪಿತ್ತ ನೆತ್ತಿಗೇರಿತು. ಬರಿಗೈಲಿ ಮೆಟ್ರೋ ಹತ್ತಿದೆ. ಎದುರಿಗೆ ಒಬ್ಬ ನರ್ಸ್ ಕೂತಿದ್ದಳು, ಹೆಚ್ಚುಕಡಿಮೆ ನನ್ನದೇ ಮೈಕಟ್ಟು. ಅವಳ ಪ್ಯಾಂಟು ಕೂತಾಗಲೂ ಎಲ್ಲೂ ಮುದುರಿರಲಿಲ್ಲ, ಎದ್ದು ನಿಂತಾಗಲೂ ಅವಳು ಅದನ್ನು ಮೇಲಕ್ಕೆ ಎಳೆದುಕೊಳ್ಳಲಿಲ್ಲ. ಒಂದು ಸ್ಟೇಷನ್ ತಡೆದುಕೊಂಡೆ, ಎರಡನೆಯದಕ್ಕೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಅವಳು ನಕ್ಕು ಆಪಾನ ಗಲ್ಲಿಯ ಗುರುತು ಹೇಳಿದಳು, ಜೊತೆಗೆ ಊಟ ಮಾಡಿಕೊಂಡು ಹೋಗಿ ಅಂದಳು. ಊಟಕ್ಕೂ ಪ್ಯಾಂಟಿಗೂ ಏನು ಸಂಬಂಧ ಅಂತ ನನಗಾಗ ತಿಳಿಯಲಿಲ್ಲ.

ಕಿರಿದಾದ ಮರದ ಮೆಟ್ಟಿಲು, ಬಾಗಿಲಿಗೆ ಹಸಿರು ಪರದೆ. ಒಳಗೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಮೇಜು, ಗೋಡೆಯಲ್ಲಿ ಅಂಗೈಯಗಲದ ಕನ್ನಡಿ. ಕೆಳಗಿನಿಂದ ಒಂದು ಕ್ಷಣ ಮಲ್ಲಿಗೆಯ ವಾಸನೆ, ಒಂದು ಕ್ಷಣ ಮಾಂಸದಂಗಡಿಯ ವಾಸನೆ. ಒಂದು ಯಂತ್ರದ ಮುಂದೆ ಅವರ ಮಗಳು, ಮೂವತ್ತರ ಹೆಂಗಸು. ಇನ್ನೊಂದರ ಮುಂದೆ ಆಪಾ. ಕುಳ್ಳಗೆ, ದುಂಡಗೆ, ಹಣೆಯ ಮೇಲಕ್ಕೆ ಸರಿಸಿದ ಕನ್ನಡಕ, ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು. ಪಿನ್ನು ಕಚ್ಚಿಕೊಂಡೇ ಮಾತಾಡುವುದು ಅವರ ವಿದ್ಯೆ. ಅಂದು ಅಲ್ಲಿ ನನಗಿಂತ ಮೊದಲು ಬಂದ ನಾಲ್ವರು ಕೂತಿದ್ದರು.

ನನ್ನ ಸರದಿ ಬಂದಾಗ ಅವರು ಟೇಪು ತೆಗೆದುಕೊಳ್ಳಲಿಲ್ಲ. ನೀವೇನು ಕೆಲಸ ಮಾಡ್ತೀರಿ ಮೇಡಂ ಅಂತ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಮಾಡಿ ತೋರಿಸಿ ಅಂದರು.

ಅದೇ ಅವರ ಪದ್ಧತಿ. ಯಾರೇ ಬರಲಿ, ಮೊದಲು ತನ್ನ ಕೆಲಸವನ್ನು ಅವರೆದುರು ಅಭಿನಯಿಸಿ ತೋರಿಸಬೇಕು. ಆಮೇಲೇ ಅಳತೆ. ನನಗಿಂತ ಮುಂಚೆ ಒಬ್ಬ ಟೀಚರ್ ಇಲ್ಲದ ಬೋರ್ಡಿನ ಮೇಲ್ತುದಿಯಲ್ಲಿ ಇಲ್ಲದ ಸೀಮೆಸುಣ್ಣದಿಂದ ಬರೆದು, ಬಗ್ಗಿ ಇಲ್ಲದ ಮಗುವಿನ ಕಿವಿ ಹಿಂಡಿದ್ದಳು. ಬ್ಯಾಂಕಿನ ಕ್ಯಾಷಿಯರ್ ಒಬ್ಬಳು ನಂದೇನಿಲ್ಲ ಆಪಾ, ಕೂತ್ಕೊಳ್ಳೋದಷ್ಟೇ ಅಂದದ್ದಕ್ಕೆ, ಹಾಗಾದ್ರೆ ಕೂತ್ಕೋ ಅಂತ ಅರ್ಧ ಗಂಟೆ ಕೂರಿಸಿಟ್ಟು ಆಮೇಲೆ ಅಳತೆ ತೆಗೆದರಂತೆ. ಕೂತು ಅರ್ಧ ಗಂಟೆಯಾದ ಹೊಟ್ಟೆಯೇ ನಿಜವಾದ ಹೊಟ್ಟೆ ಅನ್ನುವುದು ಅವರ ಸಿದ್ಧಾಂತ. ಊಟ ಮಾಡಿಕೊಂಡು ಬರಬೇಕಾದದ್ದೂ ಅದಕ್ಕೇ. ಅಳತೆಯ ಹೊತ್ತಿಗೆ ಯಾರಾದರೂ ಉಸಿರು ಬಿಗಿಹಿಡಿದರೆ ಟೇಪನ್ನು ಹಾಗೇ ಸಡಿಲ ಬಿಟ್ಟು ಕಾಯುತ್ತಿದ್ದರು. "ಹೊಟ್ಟೆ ಒಳಗೆ ಎಳ್ಕೋಬೇಡ. ಅದು ಆಫೀಸಿಗೆ ಬರಲ್ವಾ?" ಅನ್ನುತ್ತಿದ್ದರು. ಎಂಥ ಉಸಿರೂ ಆಗ ಹೊರಗೆ ಬಂದುಬಿಡುತ್ತಿತ್ತು.

ನನ್ನ ಸುಳ್ಳು ಬಂದದ್ದು ಇಲ್ಲಿ. ನಾಲ್ವರು ಓದಿದ ಹೆಂಗಸರು ನನ್ನನ್ನೇ ನೋಡುತ್ತಿದ್ದಾರೆ. ಅವರ ಮುಂದೆ, ನಾನು ಗ್ಯಾರೇಜಿನಲ್ಲಿ ಲಾರಿ ಹತ್ತುವವಳು ಅಂತ ಹೇಳಲು ನಾಲಿಗೆ ಏಳಲಿಲ್ಲ. ನಾನು ಆಫೀಸರ್, ಎಸಿ ರೂಮಿನಲ್ಲಿ ಕೂತು ಫೈಲು ನೋಡ್ತೀನಿ ಅಂದೆ. ಸ್ಟೂಲಿನ ಮೇಲೆ ಕೂತು, ಗತ್ತಿನಿಂದ ನಾಲ್ಕು ಸಹಿ ಹಾಕಿ ತೋರಿಸಿದೆ. ಆಪಾ ನನ್ನ ಕೈ ನೋಡಿದರು, ಚಪ್ಪಲಿ ನೋಡಿದರು. ಅಷ್ಟೇನಾ ಅಂದರು. ಅಷ್ಟೇ ಅಂದೆ. ಸರಿ ಅಂತ ಅಳತೆ ತೆಗೆದರು.

ಎರಡು ವಾರಕ್ಕೆ ಕೊಟ್ಟ ಪ್ಯಾಂಟು ಹೇಗಿತ್ತು ಅಂತೀರಿ. ಕಪ್ಪು ಬಣ್ಣ, ಸೊಂಟದ ಪಟ್ಟಿ ಹೊಕ್ಕುಳಿನ ಹತ್ತಿರ ಹದವಾಗಿ ಕೂತಿತ್ತು, ಮುಂದೆ ಎರಡು ಸಣ್ಣ ಮಡಿಕೆ, ಕಾಲು ನೇರ, ಮಣಿಕಟ್ಟು ಮುಳುಗುವಷ್ಟು ಆಳದ ಜೇಬು. ಹಾಕಿಕೊಂಡು ಆಫೀಸಿಗೆ ಹೋದರೆ ಕೌಂಟರಿನವರೆಲ್ಲ ಎದ್ದು ಬಂದು ನೋಡಿದರು. ಎತ್ತರ ಬೆಳೆದಿದ್ದೀಯಲ್ಲೇ ಅಂದಳು ಒಬ್ಬಳು. ನಲವತ್ತು ದಾಟಿದ ಮೇಲೆ ನಾನು ನನ್ನ ಕಾಲುಗಳನ್ನು ಇಷ್ಟಪಟ್ಟದ್ದು ಅದೇ ಮೊದಲು, ಸುಳ್ಳಲ್ಲ. ಮಧ್ಯಾಹ್ನ ಅದೇ ಗತ್ತಿನಲ್ಲಿ ಒಂದು ಲಾರಿಯ ಹತ್ತಿರ ಹೋಗಿ ಕಾಲೆತ್ತಿ ಚಕ್ರದ ಮೇಲಿಟ್ಟೆ. ಇನ್ನೊಂದು ಕಾಲು ಮೇಲಕ್ಕೆ ಬರಲೊಲ್ಲದು. ಮೊದಲನೆಯದು ಕೆಳಕ್ಕೆ ಇಳಿಯಲೊಲ್ಲದು. ಸೈಡಿನ ಹಲಗೆ ಹಿಡಿದುಕೊಂಡು ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಕೊಕ್ಕರೆಯ ಹಾಗೆ ನಿಂತೆ. ಹಮಾಲಿಯವರು ಮೊದಲು ಕೆಮ್ಮಿದರು, ಆಮೇಲೆ ನಕ್ಕೇಬಿಟ್ಟರು. ಕೊನೆಗೆ ಇಬ್ಬರು ಸೇರಿ ಮೂಟೆ ಇಳಿಸುವ ಹಾಗೆ ನನ್ನನ್ನು ಇಳಿಸಿದರು.

ಸುದ್ದಿ ನನಗಿಂತ ಮೊದಲು ಆಫೀಸು ಸೇರಿತ್ತು. ಮ್ಯಾನೇಜರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಮೂರು ತಿಂಗಳಾಗಲು ಇನ್ನು ಮೂರು ವಾರ ಇದೆ, ಕೊನೆಯ ಸೋಮವಾರ ನಾನೇ ನಿಮ್ಮ ಜೊತೆ ಬರ್ತೀನಿ, ಹತ್ತೋಕಾಗದಿದ್ರೆ ಅವತ್ತೇ ಹೇಳ್ಬಿಡಿ, ಕಲಬುರಗಿ ಆರ್ಡರ್ ರೆಡಿ ಇದೆ ಅಂದರು. ಮನೆಗೆ ಬಂದರೆ ಮಗಳು ತ್ರಿಕೋನಮಿತಿಯ ಪುಸ್ತಕ ಮುಂದಿಟ್ಟುಕೊಂಡು ನನಗೇ ಕಾಯುತ್ತಿದ್ದಳು. ಚೀಲ ಕೆಳಗಿಟ್ಟು ಅವಳ ಪಕ್ಕ ಕೂತೆ.

ಮರುದಿನ ಪ್ಯಾಂಟನ್ನು ಕವರಿಗೆ ತುರುಕಿಕೊಂಡು ಆಪಾನ ಮೆಟ್ಟಿಲು ಹತ್ತಿದೆ. ಇದು ಯಾವ ಸೀಮೆ ಹೊಲಿಗೆ, ಕಾಲೇ ಎತ್ತೋಕಾಗಲ್ಲ ಅಂತ ಹಾರಾಡಿದೆ. ಅವರು ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಅವರು ಪಿನ್ನು ತೆಗೆದರೆಂದರೆ ವಿಷಯ ಗಂಭೀರ ಅಂತ ಆಮೇಲೆ ತಿಳಿದುಕೊಂಡೆ.

"ಪ್ಯಾಂಟು ನೀವು ಹೇಳಿದ ಕೆಲಸ ಮಾಡ್ತಾ ಇದೆ ಮೇಡಂ. ನೀವು ಬೇರೆ ಕೆಲಸ ಮಾಡ್ತಿದೀರಿ" ಅಂದರು.

ನನ್ನ ಹಾರಾಟವೆಲ್ಲ ಅಲ್ಲಿಗೇ ನಿಂತಿತು. ಕೂತೆ. ಲಾರಿ, ಹಮಾಲಿಯವರು, ಕಲಬುರಗಿ, ಮಗಳ ಗಣಿತ ಎಲ್ಲವನ್ನೂ ಹೇಳಿಕೊಂಡೆ. ಹೇಳುತ್ತಾ ಕಣ್ಣಲ್ಲಿ ನೀರೂ ಬಂತು. ಆಪಾ ಸಮಾಧಾನ ಮಾಡುವ ಪೈಕಿ ಅಲ್ಲ. ಅವರಿಗೆ ಬಂದದ್ದು ಸಿಟ್ಟು. "ಲಾರಿ ಹತ್ತೋದು ಕಳ್ಳತನಾನಾ? ಹೇಳೋಕೆ ಏನಾಗಿತ್ತು?" ಅಂದರು. ಆ ದಿನದಿಂದ ಮೇಡಂ ಹೋಗಿ ನಾನು ಅವರಿಗೆ ಬೇಟಾ ಆದೆ, ಬಹುವಚನವೂ ಹೋಯಿತು. ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ತಮ್ಮ ಮಗಳಿಂದ ತೆಗೆಸಿ, ಇದೇ ಲಾರಿ ಅಂದ್ಕೋ, ಹತ್ತು ಅಂದರು.

ಹತ್ತಿದೆ. ಇಳಿದೆ. ಮತ್ತೆ ಹತ್ತಿದೆ. ಮೇಲೆ ಕುಕ್ಕರುಗಾಲಲ್ಲಿ ಕೂತು ಇಲ್ಲದ ಟಾರ್ಪಾಲು ಎತ್ತಿ ನೋಡಿದೆ. ಪೆನ್ನು ಎಲ್ಲಿಡ್ತೀಯ, ಟಾರ್ಚು ಯಾವ ಕೈಲಿ, ಮೊದಲು ಯಾವ ಕಾಲು ಎತ್ತುತೀಯ ಅಂತ ಒಂದೊಂದೂ ಕೇಳಿದರು. ನನ್ನ ಕೆಲಸದ ಬಗ್ಗೆ ಅಷ್ಟು ಗಮನ ಕೊಟ್ಟು ಕೇಳಿದವರು ನಮ್ಮ ಕಂಪನಿಯಲ್ಲಿ ಒಬ್ಬರೂ ಇರಲಿಲ್ಲ.

ಆಪಾನ ತಂದೆ ಹಲಸೂರಿನ ಕಡೆ ಮಿಲಿಟರಿಯವರಿಗೆ ಹೊಲಿಯುತ್ತಿದ್ದರಂತೆ. ಕುದುರೆ ಸವಾರರ ಪ್ಯಾಂಟು ಅವರ ಕೈಯಲ್ಲೇ ಆಗಬೇಕಿತ್ತಂತೆ. ಗಂಡುಮಗನಿಗೆ ಕಲಿಸಲು ಹೊರಟ ಕಸುಬನ್ನು ಮೇಜಿನ ಕೆಳಗೆ ಆಡುತ್ತಿದ್ದ ಆಪಾ ಕಲಿತುಬಿಟ್ಟರು, ಗಂಡುಮಗ ಕೋಳಿ ವ್ಯಾಪಾರಕ್ಕೆ ಹೋದ. ಕುದುರೆ ಹತ್ತೋರಿಗೆ ಹೊಲಿದ ಮನೆತನ ನಮ್ಮದು, ಲಾರಿ ಏನು ಮಹಾ ಅಂತ ಆಪಾ ಕತ್ತರಿ ಎತ್ತಿಕೊಂಡರು. ಗುಟ್ಟು ಇದ್ದದ್ದು ಮಿಯಾನಿಯಲ್ಲಿ. ಪೈಜಾಮದ ಎರಡು ಕಾಲು ಕೂಡುವ ಕಡೆ ಸೇರಿಸುವ ಅಂಗೈಯಷ್ಟು ಚೌಕದ ತುಂಡಿಗೆ ಹಾಗನ್ನುತ್ತಾರೆ. ಪ್ಯಾಂಟಿಗೆ ಅದನ್ನು ಯಾರೂ ಹಾಕುವುದಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಂತ. ಆಪಾ ಹಾಕಿದ್ದು ನಿಂತರೆ ಕಾಣುತ್ತಿರಲಿಲ್ಲ, ಕಾಲೆತ್ತಿದರೆ ಬಿಚ್ಚಿಕೊಳ್ಳುತ್ತಿತ್ತು.

ಆದರೆ ಅವರಲ್ಲೊಂದು ದುರ್ಗುಣವಿತ್ತು. ಹೇಳಿದ ದಿನಕ್ಕೆ ಕೊಟ್ಟ ಚರಿತ್ರೆಯೇ ಇಲ್ಲ. ಶುಕ್ರವಾರ ಬಾ ಅನ್ನುವರು, ಯಾವ ಶುಕ್ರವಾರ ಅನ್ನುವುದನ್ನು ಹೇಳುತ್ತಿರಲಿಲ್ಲ. ನನ್ನ ಪ್ಯಾಂಟು ಕತ್ತರಿಸಿಟ್ಟು ಹತ್ತು ದಿನವಾದರೂ ಸೂಜಿ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಯಿತು. ಗುರುವಾರ ಅವರಿಗೆ ಆಪರೇಷನ್, ಸೋಮವಾರ ನನಗೆ ಪರೀಕ್ಷೆ. ತಿಂಗಳೊಪ್ಪತ್ತು ಬಗ್ಗಬಾರದು, ಯಂತ್ರದ ಮುಂದೆ ಕೂರಬಾರದು ಅಂತ ಡಾಕ್ಟರು ಹೇಳಿದ್ದರು. ನಾನು ಮನಸ್ಸಿನಲ್ಲೇ ಕಲಬುರಗಿಗೆ ಹಾಸಿಗೆ ಕಟ್ಟಲು ಶುರು ಮಾಡಿದೆ.

ಶನಿವಾರ ಮಧ್ಯಾಹ್ನ ಆಪಾನ ಮಗಳು ಫೋನ್ ಮಾಡಿ ತಮ್ಮ ಮನೆಗೇ ಬರಹೇಳಿದಳು. ಅದೇ ಗಲ್ಲಿಯಲ್ಲಿ ನಾಲ್ಕು ಬಾಗಿಲು ಆಚೆ. ಆಪಾ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಮಗಳು ಎರಡು ದಿನ ಕೂತು ಪ್ಯಾಂಟು ಹೊಲಿದು ಮುಗಿಸಿದ್ದಳು. ಹಾಕ್ಕೊಂಡು ಬಂದು ಕುರ್ಚಿ ಮೇಲೆ ಕಾಲಿಡು ಅಂದರು ಆಪಾ. ಇಟ್ಟೆ. ಅವರು ಕೈ ಚಾಚಿ ಮೊಣಕಾಲಿನಿಂದ ಮೇಲಕ್ಕೆ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದರು, ವೀಣೆಯ ತಂತಿ ನೋಡುವವರ ಹಾಗೆ. ಇಲ್ಲಿ ದಾರ ಬಿಗೀತು, ಬಿಚ್ಚು ಅಂದರು ಮಗಳಿಗೆ. ಬಿಚ್ಚಿ ಹೊಲಿದಳು. ಮತ್ತೆ ಹಾಕಿಕೊಂಡೆ, ಮತ್ತೆ ಕುರ್ಚಿ, ಮತ್ತೆ ಬೆರಳು. "ನಕ್ಕೋ. ಇನ್ನೂ ಒಂದು ಚೂರು" ಅಂದರು. ನಕ್ಕೋ ಅಂದರೆ ಬೇಡ. ಮಗಳ ಮುಖ ಕೆಂಪಗಾಗಿತ್ತು. ಕಣ್ಣೇ ಕಾಣ್ದೆ ತಪ್ಪು ಹಿಡೀತೀಯಲ್ಲ ಅಮ್ಮಿ ಅಂತ ಗೊಣಗಿದಳು. ಮೂರನೇ ಸಲ ಬೆರಳು ಎಲ್ಲೂ ನಿಲ್ಲದೆ ಸಾಗಿತು. ಆಪಾ ಏನೂ ಅನ್ನದೆ ದಿಂಬಿಗೆ ಒರಗಿದರು. ಅದೇ ಶಹಬ್ಬಾಸ್ ಅಂತ ಮಗಳಿಗೆ ಗೊತ್ತಿತ್ತು ಅಂತ ಕಾಣುತ್ತದೆ, ಎದ್ದು ಎಲ್ಲರಿಗೂ ಚಹಾ ತಂದಳು.

ಸೋಮವಾರದ ಲಾರಿಯಲ್ಲಿ ಬಟ್ಟೆ ಒಗೆಯುವ ಪೌಡರಿನ ಮೂಟೆಗಳು. ದಾರಿಯಲ್ಲಿ ಟಾರ್ಪಾಲು ಹರಿದು ಮಳೆ ನೀರು ಒಳಗೆ ಸುರಿದು ಮಾಲೆಲ್ಲ ಹಾಳಾಗಿದೆ ಅನ್ನುವುದು ಮಾಲೀಕರ ದೂರು. ಮ್ಯಾನೇಜರು ಕೈ ಕಟ್ಟಿ ನಿಂತರು. ಹಮಾಲಿಯವರಲ್ಲಿ ಹಳೆಯ ಮುಖಗಳೂ ಇದ್ದವು, ಕೆಮ್ಮಲು ತಯಾರಾಗಿಯೇ ನಿಂತಿದ್ದರು. ನಾನು ಬಲಗಾಲು ಚಕ್ರದ ಮೇಲಿಟ್ಟೆ, ಹಲಗೆ ಹಿಡಿದೆ, ಎಡಗಾಲು ಎತ್ತಿದೆ. ಮೇಲಿದ್ದೆ. ಅಷ್ಟೇ, ಅದರಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಟಾರ್ಪಾಲು ಸರಿಸಿ ಕುಕ್ಕರುಗಾಲಲ್ಲಿ ಕೂತು ಮೂಟೆಗಳ ಸಂದಿನಲ್ಲಿ ತಳದವರೆಗೆ ಟಾರ್ಚು ಬಿಟ್ಟೆ. ಮೇಲಿನ ಮೂಟೆಗಳು ಒಂದು ಹನಿಯೂ ತಾಗದೆ ಗರಿಗರಿ ಇದ್ದವು. ಒದ್ದೆಯಾದದ್ದು ತಳದವು ಮಾತ್ರ. ಮೇಲಿಂದ ಸುರಿದ ಮಳೆ ಮೇಲಿನ ಮೂಟೆ ಬಿಟ್ಟು ತಳದ್ದನ್ನು ಹೇಗೆ ನೆನೆಸುತ್ತದೆ? ಲಾರಿ ಎಲ್ಲೋ ನಿಂತ ನೀರಿನಲ್ಲಿ ನಿಂತಿತ್ತು, ಅಷ್ಟೇ. ಸಾರ್, ಬಂದು ನೋಡಿ ಅಂತ ಮೇಲಿಂದ ಕರೆದೆ. ಅವರು ಒಮ್ಮೆ ಚಕ್ರ ನೋಡಿದರು, ಒಮ್ಮೆ ತಮ್ಮ ಇಸ್ತ್ರಿ ಮಾಡಿದ ಪ್ಯಾಂಟು ನೋಡಿಕೊಂಡರು. ಪರವಾಗಿಲ್ಲ, ನೀವೇ ಫೋಟೋ ತೆಗೀರಿ ಅಂದರು.

ಸಂಜೆಯೊಳಗೆ ಕಲಬುರಗಿಯ ಕಾಗದ ಹರಿದು ಕಸದ ಬುಟ್ಟಿ ಸೇರಿತು. ಮನೆಗೆ, ನನ್ನ ಮಗಳಿಗೆ ಫೋನ್ ಮಾಡಿ ಹೇಳಿ, ಸೀದಾ ಶಿವಾಜಿನಗರದ ಬಸ್ಸು ಹತ್ತಿದೆ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ. ಹತ್ತಿದ ಕಥೆಯನ್ನು ಆಪಾಗೆ ಉಪ್ಪು ಖಾರ ಹಚ್ಚಿ ಹೇಳಿದೆ. ಕಪ್ಪು ಕನ್ನಡಕದ ಹಿಂದಿನಿಂದ ಏನೂ ತಿಳಿಯುತ್ತಿರಲಿಲ್ಲ.

"ಹತ್ತೋದು ಬಿಡು. ಇಳಿಯೋವಾಗ ಹೇಗಿತ್ತು?" ಅಂದರು.

ಇಳಿಯುವಾಗ ಬೆನ್ನು ತಿರುಗಿಸಿ, ಕಾಣದ ಜಾಗಕ್ಕೆ ಕಾಲು ಚಾಚಬೇಕು, ಪ್ಯಾಂಟು ಹಿಂದಿನಿಂದ ಎಳೆಯುವುದು ಆಗಲೇ. ಎಲ್ಲೂ ಎಳೀಲಿಲ್ಲ ಆಪಾ ಅಂದೆ. ಹೊಲಿದವಳು ಅವಳು, ಅವಳಿಗೆ ಹೇಳು ಅಂತ ಒಳಕೋಣೆಯ ಕಡೆ ಕೈ ತೋರಿಸಿದರು. ಒಳಗೆ ಹೋಗಿ ಮಗಳಿಗೂ ಹೇಳಿದೆ. ಅವಳು ತಲೆಯೆತ್ತದೆ ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣೀರು ಈರುಳ್ಳಿಯದ್ದೇ ಅಂತ ನಾನೂ ಅಂದುಕೊಂಡೆ.

ಆಮೇಲಿನ ವರ್ಷಗಳಲ್ಲಿ ಅವರ ಹತ್ತಿರ ಎಷ್ಟು ಪ್ಯಾಂಟು ಹೊಲಿಸಿದೆನೋ, ಅದಕ್ಕಿಂತ ಹೆಚ್ಚು ಬೈಸಿಕೊಂಡೆ. ಪ್ಯಾಂಟಿನ ಮೇಲೆ ಮೊಣಕಾಲುದ್ದದ ಕುರ್ತಾ ಹಾಕಿಕೊಂಡು ಹೋದ ದಿನ, ನನ್ನ ಹೊಲಿಗೆಗೆ ಪರದೆ ಹಾಕ್ಕೊಂಡು ಬಂದಿದೀಯಲ್ಲ ಅಂತ ಮಾತು ಬಿಟ್ಟಿದ್ದರು. ಅಂಗಿ ಸೊಂಟದ ಮೂಳೆ ಮುಟ್ಟಿ ನಿಲ್ಲಬೇಕು, ಅದಕ್ಕಿಂತ ಕೆಳಗೆ ಬಂದರೆ ಕಾಲು ಗಿಡ್ಡ ಕಾಣುತ್ತದೆ. ದಪ್ಪಗಿದ್ದೀನಿ ಅಂತ ಯಾರಾದರೂ ಸಡಿಲ ಬಟ್ಟೆ ಕೇಳಿದರೆ, ಡೇರೆ ಬೇಕಾದ್ರೆ ಶಾಮಿಯಾನದವರ ಹತ್ರ ಹೋಗು ಅನ್ನುತ್ತಿದ್ದರು. ಕೆಲಸಕ್ಕೆ ಹಾಕುವ ಶೂ ತಾರದೆ ಬಂದವರಿಗೆ ಕಾಲಿನ ಉದ್ದ ಅಳೆಯುತ್ತಲೇ ಇರಲಿಲ್ಲ. ನನಗೆ ಕಪ್ಪು ಬೇಡ ಅಂತ ಒಂದು ಬೂದು ಬಣ್ಣವನ್ನು ಅವರೇ ಹುಡುಕಿದರು. ಕಪ್ಪಿನ ಮೇಲೆ ಲಾರಿಯ ಧೂಳು ಕಾಣುತ್ತದೆ, ತಿಳಿ ಬಣ್ಣದ ಮೇಲೆ ಗ್ರೀಸು ಕಾಣುತ್ತದೆ, ಇದರ ಮೇಲೆ ಎರಡೂ ಕಾಣುವುದಿಲ್ಲ. ಲೆಗ್ಗಿಂಗ್ಸ್ ಅನ್ನುವ ಪದವನ್ನು ಅವರೆದುರು ಆಡಿದವರು ಮತ್ತೆ ಆ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ.

ಗೋಡೆಯ ಮೇಲಿನ ಆ ಅಂಗೈಯಗಲದ ಕನ್ನಡಿಯ ಬಗ್ಗೆ ಒಮ್ಮೆ ಕೇಳಿದೆ. ಪ್ಯಾಂಟು ಹೊಲಿಯುವ ಕಡೆ ಮುಖ ಮಾತ್ರ ಕಾಣುವ ಕನ್ನಡಿ ಯಾಕೆ ಆಪಾ, ದೊಡ್ಡದೊಂದು ತರಬಾರದೇ ಅಂತ. ಅವರಿಗೆ ನನ್ನ ದಡ್ಡತನ ಕಂಡು ಬೇಜಾರಾಯಿತು. ಸೊಂಟ ಹಿಡಿದರೆ ಎಲ್ಲಿ ಕಾಣುತ್ತದೆ, ಮುಖದಲ್ಲಿ. ತೊಡೆ ಬಿಗಿದರೆ, ಅದೂ ಮುಖದಲ್ಲೇ. ಹುಬ್ಬು ಗಂಟಿಕ್ಕದೆ ಇದ್ದರೆ ಪ್ಯಾಂಟು ಚೆನ್ನಾಗಿದೆ ಅಂತ ಲೆಕ್ಕ, ಕೆಳಗೆ ನೋಡಿಕೊಳ್ಳುವುದು ಏನಿದೆ ಅಂದರು. ಮನೆಗೆ ಬಂದು ನಿಲುವುಗನ್ನಡಿಯ ಮುಂದೆ ನಿಂತು ಪರೀಕ್ಷಿಸಿದೆ. ಆಪಾ ಹೇಳಿದ್ದು ನಿಜ.

ಕೊನೆಯ ಎರಡು ವರ್ಷ ಅವರಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮಗಳು ಮೇಲೆ ಹೊಲಿಯುತ್ತಿದ್ದಳು, ಆಪಾ ಮನೆಯಲ್ಲಿ ಮಂಚದ ಮೇಲೆ ಕೂತು ಬೆರಳಾಡಿಸಿ ತಪ್ಪು ಹುಡುಕುತ್ತಿದ್ದರು. ಬಂದವರಿಂದ ಕೆಲಸ ಮಾಡಿಸಿ ನೋಡುವುದನ್ನು ಮಾತ್ರ ಬಿಡಲಿಲ್ಲ. ಅದು ಅವರಿಗೆ ಸಿನಿಮಾ ನೋಡಿದ ಹಾಗೆ ಅಂತ ಮಗಳು ನಗುತ್ತಿದ್ದಳು.

ಹೋದ ತಿಂಗಳು, ಒಂದು ಬುಧವಾರ, ನಾನು ಕೆ.ಆರ್. ಪುರದ ಕಡೆ ಒಂದು ಟ್ಯಾಂಕರಿನ ಮೇಲೆ ಕೂತು ಮುಚ್ಚಳದ ಬಿರುಕನ್ನು ನೋಡುತ್ತಿದ್ದಾಗ ಆಪಾನ ಮಗಳ ಫೋನ್ ಬಂತು. ಅಮ್ಮಿ ಹೋಗ್ಬಿಟ್ರು ಅಂದಳು. ನಾನು ಏಣಿ ಇಳಿದೆ. ಡ್ರೈವರಿಗೆ ನಾಳೆ ಬರ್ತೀನಿ ಅಂದೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲುಗಳನ್ನು ಓಡಿ ಹತ್ತಿದೆ, ಇಳಿದು ಆಟೋ ಹಿಡಿದೆ, ಮಾರುಕಟ್ಟೆಯ ಗದ್ದಲದಲ್ಲಿ ಆಟೋ ನಿಂತುಹೋದಾಗ ಇಳಿದು ಗಾಡಿಗಳ ನಡುವೆ ನುಸುಳಿ ನಡೆದೆ. ಮನೆಯೊಳಗೆ ಹೆಂಗಸರು ತುಂಬಿದ್ದರು. ನೆಂಟರು, ಗಲ್ಲಿಯವರು, ಜೊತೆಗೆ ಆಫೀಸು, ಸ್ಕೂಲು, ಆಸ್ಪತ್ರೆಗಳಿಂದ ಎದ್ದು ಬಂದ ನಮ್ಮಂಥವರು. ಗೋಡೆಗೊರಗಿ ನೆಲದ ಮೇಲೆ ಒಬ್ಬರಿಗೊಬ್ಬರು ತಾಗಿಕೊಂಡು ಕೂತೆವು. ಮಗಳು ನನ್ನ ಭುಜದ ಮೇಲೆ ತಲೆಯಿಟ್ಟು ಬಹಳ ಹೊತ್ತು ಅತ್ತಳು. ನನಗೆ ಅಳು ಬರಲೇ ಇಲ್ಲ. ಒಂಬತ್ತು ವರ್ಷ ಕಂಡವರು, ಎದುರಿಗೇ ಮಲಗಿದ್ದಾರೆ, ನನಗೇನಾಗಿದೆ, ಇಷ್ಟು ಕಲ್ಲಾದೆನಾ ಅಂತ ನನ್ನ ಮೇಲೇ ಬೇಸರವಾಯಿತು. ಗಂಡಸರು ಅವರನ್ನು ಹೊತ್ತುಕೊಂಡು ಹೊರಟಾಗಲೂ ಒಣಗಣ್ಣಿನಲ್ಲೇ ನಿಂತಿದ್ದೆ.

ಸಂಜೆ ಮನೆಗೆ ಬಂದೆ. ಕೈಕಾಲು ತೊಳೆದು ಬಟ್ಟೆ ಬದಲಿಸೋಣ ಅಂತ ಸೊಂಟದ ಗುಂಡಿಗೆ ಕೈ ಹಾಕಿದೆ. ಆಗ ಗೊತ್ತಾಯಿತು, ಬೆಳಗಿನಿಂದ ನಾನು ಹಾಕಿಕೊಂಡಿದ್ದದ್ದು ಆಪಾ ಹೊಲಿದ ಪ್ಯಾಂಟು. ಟ್ಯಾಂಕರ್ ಹತ್ತಿದ್ದೆ, ಇಳಿದಿದ್ದೆ, ಓಡಿದ್ದೆ, ಮೂರು ಗಂಟೆ ನೆಲದ ಮೇಲೆ ಕಾಲು ಮಡಚಿ ಕೂತಿದ್ದೆ. ಮೈಮೇಲೆ ಅದೊಂದು ಇದೆ ಅನ್ನುವುದೇ ಇಡೀ ದಿನ ನನಗೆ ತಿಳಿದಿರಲಿಲ್ಲ. ಗುಂಡಿಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಮಂಚದ ಅಂಚಿನಲ್ಲಿ ಕೂತು ಜೋರಾಗಿ ಅತ್ತೆ.